ಮೊಣಕೈ ಮೊಣಕಾಲಿನ ಮಿದುಳುಶಾಸ್ತ್ರ

ಬೆಂಗಳೂರಿನ ಇಂದಿರಾನಗರದ ಕಡೆ ಮಗುವನ್ನು ಪ್ರೀ-ಸ್ಕೂಲಿಗೆ ಸೇರಿಸಲು ಓಡಾಡಿದವರಿಗೆ ‘ಬ್ರೈನ್ ಜಿಮ್’ ಹೊಸ ಹೆಸರಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಮತ್ತು ಗೇಲ್ ಡೆನಿಸನ್ ದಂಪತಿ ಪ್ರಚಾರಕ್ಕೆ ತಂದ ಈ 26 ಕಸರತ್ತುಗಳಿಗೆ ಸಿಕ್ಕಿರುವ ಮರ್ಯಾದೆ ಅತಿಯಾಯಿತು. ಮೈ ಆಡಿದರೆ ಮಿದುಳಿಗೆ ಒಳ್ಳೆಯದೆಂದು ಮತ್ತೆ ವಾದಿಸಬೇಕಿಲ್ಲ. ಮೈ ಹೇಗೆ ಆಡಬೇಕು ಎಂಬುದಷ್ಟೇ ಜಗಳ.

ಅದರ ಹೆಸರಾಂತ ‘ಕ್ರಾಸ್ ಕ್ರಾಲ್’ ನೋಡಿ. ನಿಂತಲ್ಲೇ ಬಲ ಮೊಣಕೈಯನ್ನು ಎಡ ಮೊಣಕಾಲಿಗೆ, ಎಡದ್ದನ್ನು ಬಲಕ್ಕೆ ಮುಟ್ಟಿಸುವುದು. ಇದರಿಂದ ಮಿದುಳಿನ ಎರಡು ಅರ್ಧಗಳು ಬೆಸೆದುಕೊಳ್ಳುತ್ತವಂತೆ. ಅವನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್‌ನಲ್ಲಿ ಸುಮಾರು 20 ಕೋಟಿ ನರತಂತುಗಳಿವೆ. ಮಗು ಕೂತು ಚಿತ್ರಾನ್ನ ತಿನ್ನುವಾಗಲೂ ಅವು ರಜೆ ಹಾಕುವುದಿಲ್ಲ. ಮೊದಲ ದಿನ ಮಗು ಬಲಕ್ಕೆ ಬಲವನ್ನೇ ಮುಟ್ಟಿಸಿ, ತಡವರಿಸಿ, ಪಕ್ಕದವನನ್ನು ನೋಡಿ ತಿದ್ದಿಕೊಳ್ಳುತ್ತದೆ. ಮಿದುಳಿಗೇನಾದರೂ ಕೆಲಸ ಸಿಕ್ಕಿದ್ದರೆ ಆ ತಡವರಿಕೆಯಲ್ಲೇ. ವಾರ ಕಳೆದರೆ ಟೀಚರ್ ‘ಒನ್, ಟೂ’ ಅನ್ನುವುದೇ ತಡ, ಕೈಕಾಲು ತಮ್ಮಷ್ಟಕ್ಕೆ ಆಡುತ್ತವೆ, ಕಣ್ಣು ಕಿಟಕಿಯಾಚೆ. 2007ರಲ್ಲಿ ಸಂಶೋಧಕ ಕೀತ್ ಹಯಾಟ್ ಬ್ರೈನ್ ಜಿಮ್‌ನ ಅಧ್ಯಯನಗಳನ್ನು ಜಾಲಾಡಿದಾಗ ನೆಚ್ಚಬಹುದಾದ ಆಧಾರ ಸಿಗಲಿಲ್ಲ.

ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡು ‘ಮಿನಿ ಬ್ರೆಜಿಲ್’ ಅನ್ನಿಸಿಕೊಂಡ ಹಲಸೂರಿನ ಗೌತಮಪುರದ ಓಣಿ ಫುಟ್‌ಬಾಲಿನಲ್ಲಿ ಹೀಗೆ ಮೈಮರೆಯಲು ಬಿಡುವಿಲ್ಲ. ಓಣಿಯ ಗೋಡೆಗೆ ಬಡಿದ ಚೆಂಡು ಎತ್ತ ತಿರುಗುತ್ತದೋ, ಸ್ಕೂಟರ್ ಯಾವಾಗ ನುಗ್ಗುತ್ತದೋ. ಒದೆಯಲು ಎತ್ತಿದ ಕಾಲನ್ನು ಕಡೇ ಗಳಿಗೆಯಲ್ಲಿ ತಡೆಯಬೇಕು. ಮನೋವಿಜ್ಞಾನಿಗಳು ‘ಎಕ್ಸಿಕ್ಯುಟಿವ್ ಫಂಕ್ಷನ್’ ಅನ್ನುವ ಮನಸ್ಸಿನ ಹಿಡಿತದಲ್ಲಿ ಈ ತಡೆಯುವ ಶಕ್ತಿಯೂ ಒಂದು ಮುಖ್ಯ ಭಾಗ.

ಪಂಡಿತರೂ ಇಲ್ಲಿ ಒಮ್ಮತದಲ್ಲಿಲ್ಲ. ಬುದ್ಧಿಗೆ ಕೆಲಸ ಕೊಡದ ಬರೀ ಓಟದಿಂದ ಈ ಹಿಡಿತಕ್ಕೆ ಹೆಚ್ಚೇನೂ ದಕ್ಕದು ಎಂದು 2016ರಲ್ಲಿ ಅಡೆಲ್ ಡೈಮಂಡ್ ಮತ್ತು ಲಿಂಗ್ ಬರೆದರು. 2019ರಲ್ಲಿ ಚಾರ್ಲ್ಸ್ ಹಿಲ್ಮನ್ ಬಳಗ ತಿರುಗಿಬಿತ್ತು. ಹಿಲ್ಮನ್ ಕೈಯಲ್ಲಿ 2014ರ ತಮ್ಮದೇ ಪ್ರಯೋಗವಿತ್ತು: 7ರಿಂದ 9 ವರ್ಷದ 221 ಮಕ್ಕಳು, ಒಂಬತ್ತು ತಿಂಗಳು, ಶಾಲೆ ಬಿಟ್ಟ ಮೇಲೆ ಮೈ ದಣಿಸಿದವರ ಗಮನದ ಹಿಡಿತ ಸುಧಾರಿಸಿತ್ತು. ಆದರೆ ಆ ಮಕ್ಕಳು ಬರೀ ಓಡಲಿಲ್ಲ, ಆಟವನ್ನೂ ಆಡಿದರು! ಹೋಲಿಕೆಗೆ ಇದ್ದವರೋ, ತಮ್ಮ ಸರದಿಗೆ ಕಾದಿದ್ದವರು. ಫಲ ಕೊಟ್ಟದ್ದು ಓಟವೋ ಆಟವೋ ಅದರಿಂದ ಹೇಗೆ ಬೇರ್ಪಡಿಸುವುದು? ಈ ಜಗಳದಲ್ಲಿ ನಾನು ಡೈಮಂಡ್ ಕಡೆ. ಹಾಗೆಂದು ‘ನಮ್ಮ ಹಿರಿಯರು ಮಿದುಳು ಬೆಳೆಯಲೆಂದೇ ಕುಂಟೆಬಿಲ್ಲೆ ಕಂಡುಹಿಡಿದರು’ ಅನ್ನುವವರ ಸಹವಾಸವೂ ಬೇಡ.

ಬ್ರೈನ್ ಜಿಮ್ ಮಕ್ಕಳನ್ನು ಬೆಂಚಿನಿಂದ ಎಬ್ಬಿಸುತ್ತದೆ, ಒಪ್ಪೋಣ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಸೆಂಬ್ಲಿಯ ಐದು ನಿಮಿಷ ತೋರಿಸಿ ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಗೆ ಒಪ್ಪಿಸುವ ಶಾಲೆಗಳಿಗೆ ಐದಕ್ಕೂ ಅರವತ್ತಕ್ಕೂ ಇರುವ ಅಂತರದ ಲೆಕ್ಕವನ್ನು ಆ ಮೇಷ್ಟ್ರೇ ಮಾಡಿ ತೋರಿಸಲಿ.