ಬಾಯಿಬಿಟ್ಟ ಮೇಲೆ

ನಾನು ಬ್ಯಾಂಕಿನಿಂದ ನಿವೃತ್ತನಾದದ್ದು 2020ರಲ್ಲಿ. ಊರು ಕುಂದಾಪುರದ ಹತ್ತಿರ, ಮನೆ ಡೊಂಬಿವಲಿ ಪೂರ್ವದಲ್ಲಿ. ಮೂವತ್ತೇಳು ವರ್ಷ ಬೆಳಿಗ್ಗೆ ಎದ್ದು ಲೋಕಲ್ ಹಿಡಿಯಲು ಓಡಿದ ಕಾಲುಗಳಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಹಾಗಾಗಿ ಈಗಲೂ ಆರು ಗಂಟೆಗೆ ಹೊರಟು ಫಡ್ಕೆ ರೋಡಿನ ಗಣಪತಿ ದೇವಸ್ಥಾನದ ತನಕ ಒಂದು ಸುತ್ತು ಹಾಕಿ ಬರುತ್ತೇನೆ. ನನ್ನ ಓರಗೆಯವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಭಜನೆ ಕೇಳುತ್ತಾರೆ. ನಾನು ಕೊಲೆ, ದರೋಡೆ, ಮೋಸದ ಕಥೆ ಕೇಳುತ್ತೇನೆ. "ಬೆಳಿಗ್ಗೆ ಎದ್ದು ಸುಪ್ರಭಾತ ಬಿಟ್ಟು ಹೆಣದ ಸುದ್ದಿ ಎಂತಕ್ಕೆ ಮಾರಾಯ್ರೆ?" ಅಂತ ಹೆಂಡತಿ ಕೇಳಿದ್ದುಂಟು. ಉತ್ತರ ಕೊಡಲಿಲ್ಲ. ಈಗ ಇಲ್ಲಿ ಕೊಡಲು ನೋಡುತ್ತೇನೆ.

ಈ ಚಟ ಹಿಡಿಸಿದ್ದು ಮಗಳು. ಐರೋಲಿಯ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ. "ಅಪ್ಪ, ಇದು ನಿಮ್ಮ ಸಬ್ಜೆಕ್ಟು, ಕೇಳಿ ನೋಡಿ" ಅಂತ ಮೊಬೈಲಿಗೆ ಒಂದು ಪಾಡ್‌ಕಾಸ್ಟ್ ಹಾಕಿಕೊಟ್ಟಳು. ನಡೆಸುವಾಕೆ ಜೆರ್ರಿ ವಿಲಿಯಮ್ಸ್. ನಮ್ಮ ಸಿಬಿಐ ಇದ್ದ ಹಾಗೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐಯಲ್ಲಿ 26 ವರ್ಷ ಏಜೆಂಟ್ ಆಗಿದ್ದವರು. ಆರ್ಥಿಕ ವಂಚನೆ ಅವರ ವಿಭಾಗ. ನಿವೃತ್ತಿಯ ನಂತರ, 2016ರ ಜನವರಿಯಿಂದ, ತಮ್ಮಂತೆಯೇ ನಿವೃತ್ತರಾದ ಏಜೆಂಟರನ್ನು ಕೂರಿಸಿಕೊಂಡು ಒಂದೊಂದು ಕೇಸಿನ ಫೈಲು ಬಿಚ್ಚಿಸುತ್ತಾರೆ. ಹಿನ್ನೆಲೆಯಲ್ಲಿ ಢಂ ಢಂ ಸಂಗೀತದ ಅಬ್ಬರವಿಲ್ಲ, ಕಿರುಚಾಟವಿಲ್ಲ. ಖಾತೆಯಿಂದ ಖಾತೆಗೆ ಹಣ ಹೋದ ದಾರಿಯನ್ನು ಒಬ್ಬ ಏಜೆಂಟ್ ವಿವರಿಸುವಾಗ ನನಗಂತೂ ಮತ್ತೆ ಲೆಡ್ಜರ್ ಮುಂದೆ ಕೂತ ಹಾಗಾಯಿತು.

ಅಲ್ಲಿಂದ ಕನ್ನಡಕ್ಕೆ ಬಂದೆ. ನಿವೃತ್ತ ಎಸ್‌ಪಿ ಎಸ್.ಕೆ. ಉಮೇಶ್, 'ಹುಲಿಯ ನೆನಪುಗಳು' ಪುಸ್ತಕ ಬರೆದ ನಿವೃತ್ತ ಎಸಿಪಿ ಬಿ.ಬಿ. ಅಶೋಕ್ ಕುಮಾರ್ ಮೊದಲಾದವರು ಯೂಟ್ಯೂಬಿನಲ್ಲಿ ಹೇಳುವ ಕಥೆಗಳು ನಿಮಗೂ ಗೊತ್ತಿರುತ್ತವೆ. ಅವರು ಕೇಂದ್ರ ಸಂಸ್ಥೆಯವರಲ್ಲ, ನಮ್ಮ ರಾಜ್ಯದ ಪೊಲೀಸರು. ಆದರೆ ರೀತಿ ಒಂದೇ. ಊರಿನಲ್ಲಿರುವ ನಿಮಗೆ ಅದು ಹೊತ್ತು ಕಳೆಯುವ ಮಾತು ಅಷ್ಟೆ. ಹೊರಗಿರುವ ನಮಗೆ ಹಾಗಲ್ಲ. ನಾನು ಬೆಂಗಳೂರಿನಲ್ಲಿ ಒಂದು ತಿಂಗಳೂ ಸರಿಯಾಗಿ ಇದ್ದವನಲ್ಲ. ಕಲಾಸಿಪಾಳ್ಯ, ಕಾಟನ್‌ಪೇಟೆ, ಉಪ್ಪಾರಪೇಟೆ ಇವೆಲ್ಲ ನನಗೆ ಪರಿಚಯವಾದದ್ದು ಠಾಣೆಗಳ ಹೆಸರಾಗಿ. ಯಾವ ಸಂದು ಎಲ್ಲಿ ಕೂಡುತ್ತದೆ, ಯಾವ ಲಾಡ್ಜಿನ ಹಿಂದೆ ಏನಿತ್ತು ಎಂಬುದನ್ನೆಲ್ಲ ಡೊಂಬಿವಲಿಯಲ್ಲಿ ನಡೆಯುತ್ತಾ ಕಲಿತೆ. ಆ ಕನ್ನಡವೋ, ಪುಸ್ತಕದ್ದಲ್ಲ. ಕಾನ್‌ಸ್ಟೇಬಲ್, ಮಾಹಿತಿದಾರ, ಟೀ ಅಂಗಡಿಯವ ಎಲ್ಲರ ಮಾತೂ ಅದರೊಳಗೆ ಬರುತ್ತದೆ. ಈ ಋಣವನ್ನು ಮೊದಲೇ ಒಪ್ಪಿಕೊಂಡು ನನ್ನ ತಕರಾರಿಗೆ ಬರುತ್ತೇನೆ. ತಕರಾರು ಇಂಥವರ ಮೇಲೆ ಅಂತಲ್ಲ, ಈ ಬಗೆಯ ಕಥನದ ಮೇಲೆ.

ಇಂಥ ಕಥೆಗಳಲ್ಲಿ ಹೆಚ್ಚಿನವು ಬಂದು ನಿಲ್ಲುವುದು ಒಂದೇ ಮಾತಿಗೆ: "ಬಾಯಿಬಿಟ್ಟ." ಆರೋಪಿ ಬಾಯಿಬಿಟ್ಟ ಅಂದರೆ ಕೇಳುಗನಿಗೆ ಸಮಾಧಾನ, ಕಥೆ ಮುಗಿಯಿತು. ಆದರೆ ನಮ್ಮ ಕಾನೂನಿಗೆ ಆ ಸಮಾಧಾನ ಇಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದು ಅಂತ 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮೂ ಅದನ್ನೇ ಹೇಳುತ್ತದೆ. ಆ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಪಟ್ಟಷ್ಟು ಭಾಗ ಮಾತ್ರ ನಡೆಯುತ್ತದೆ. ಅಂದರೆ ಬ್ರಿಟಿಷರ ಕಾಲದಿಂದ ಕೋರ್ಟು ಯಾವುದನ್ನು ನಂಬಲು ಒಪ್ಪಲಿಲ್ಲವೋ ಅದನ್ನೇ ನಾವು ಕಥೆಯ ತುದಿ ಅಂತ ಕೇಳುತ್ತಿದ್ದೇವೆ. ಮುಂದೆ ಕೇಸು ನಿಂತಿತೋ ಬಿದ್ದಿತೋ, ಎಷ್ಟು ಜನ ಖುಲಾಸೆಯಾದರು ಎಂಬುದಕ್ಕೆ ಕೊನೆಯ ಅರ್ಧ ನಿಮಿಷ ಸಿಕ್ಕರೆ ಪುಣ್ಯ.

ಈ ನಂಬದಿರುವಿಕೆ ಯಾಕೆ ಬೇಕು ಎಂಬುದಕ್ಕೆ ನಮ್ಮ ಕಣ್ಣೆದುರೇ ಒಂದು ದೊಡ್ಡ ಕೇಸಿದೆ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಸಿಬಿಐಯ ವಿಶೇಷ ತಂಡಕ್ಕೆ ಮುಖ್ಯಸ್ಥರಾಗಿದ್ದವರು ಕರ್ನಾಟಕ ಕೇಡರಿನ ಡಿ.ಆರ್. ಕಾರ್ತಿಕೇಯನ್. ಆಗಸ್ಟ್ 20ರ ಬೆಳಗಿನ ಜಾವ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಶಿವರಾಸನ್ ಮತ್ತು ಸಂಗಡಿಗರು ಸತ್ತರು. ಈ ತನಿಖೆಯ ಬಗ್ಗೆ ಕಾರ್ತಿಕೇಯನ್ 2004ರಲ್ಲಿ ರಾಧಾವಿನೋದ್ ರಾಜು ಜೊತೆ ಪುಸ್ತಕ ಬರೆದರು. ಮುಖ್ಯ ತನಿಖಾಧಿಕಾರಿಯಾಗಿದ್ದ ಕೆ. ರಘೋತ್ತಮನ್ ಕೂಡ ಬರೆದರು. ಹಿಡಿದ ಕಥೆ ಹೀಗೆ ದಾಖಲಾಗಿದೆ.

ಆದರೆ ಇನ್ನೊಂದು ಲೆಕ್ಕ ನೋಡಿ. 1998ರ ಜನವರಿಯಲ್ಲಿ ಟಾಡಾ ಕೋರ್ಟು ಎಲ್ಲ 26 ಆರೋಪಿಗಳಿಗೂ ಗಲ್ಲು ವಿಧಿಸಿತು. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಉಳಿಸಿದ್ದು ನಾಲ್ವರ ಗಲ್ಲು ಮಾತ್ರ. ಮೂವರಿಗೆ ಜೀವಾವಧಿ ಆಯಿತು. ಉಳಿದ 19 ಮಂದಿ ಕೊಲೆ ಸಂಚಿನ ಆರೋಪದಿಂದ ಪಾರಾದರು. ನಾಲ್ವರಲ್ಲಿ ಒಬ್ಬ ಪೆರಾರಿವಾಲನ್, ಬಂಧನವಾದಾಗ 19ರ ಹುಡುಗ. ಅವನ ಮೇಲಿದ್ದ ಮುಖ್ಯ ಆರೋಪ ಎರಡು 9 ವೋಲ್ಟಿನ ಬ್ಯಾಟರಿ ತಂದುಕೊಟ್ಟದ್ದು. ಟಾಡಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿತ್ತು. ಬರೆದುಕೊಂಡವರು ಸಿಬಿಐಯ ವಿ. ತ್ಯಾಗರಾಜನ್. ನಿವೃತ್ತರಾದ ಮೇಲೆ, 2013ರಲ್ಲಿ, ಅವರು ಬಾಯಿಬಿಟ್ಟರು. ಬ್ಯಾಟರಿ ತಂದದ್ದನ್ನು ಹುಡುಗ ಒಪ್ಪಿದ್ದ, ಆದರೆ ಯಾತಕ್ಕೆ ಅಂತ ತನಗೆ ಗೊತ್ತಿರಲಿಲ್ಲ ಅಂತಲೂ ಹೇಳಿದ್ದ. ಆ ಎರಡನೆಯ ಭಾಗವನ್ನು ತಾವು ಬರೆಯಲಿಲ್ಲ ಅಂದರು. 2022ರ ಮೇ 18ರಂದು ಸುಪ್ರೀಂ ಕೋರ್ಟು ಪೆರಾರಿವಾಲನ್‌ರನ್ನು ಬಿಡುಗಡೆ ಮಾಡಿತು. ಅದಕ್ಕೆ ಕೊಟ್ಟ ಕಾರಣ ರಾಜ್ಯಪಾಲರ ವಿಳಂಬ, ಈ ಮಾತಲ್ಲ. ಆದರೂ ಬಿಟ್ಟುಹೋದ ಒಂದು ವಾಕ್ಯದ ತೂಕ ಎಷ್ಟು ಅಂತ ಯೋಚಿಸಿ.

ಅಮೆರಿಕದಲ್ಲೂ ಇದೇ ತೊಡಕು. ವಿಚಾರಣೆಯಲ್ಲಿ ಆರೋಪಿ ಹೇಳಿದ್ದನ್ನು ಎಫ್‌ಬಿಐ ಏಜೆಂಟರು ತಮ್ಮ ಮಾತಿನಲ್ಲಿ 302 ಎಂಬ ನಮೂನೆಯಲ್ಲಿ ಬರೆದಿಡುವುದು ವಾಡಿಕೆ. ಬಂಧನದಲ್ಲಿರುವವರ ವಿಚಾರಣೆಯನ್ನು ಸಾಮಾನ್ಯವಾಗಿ ರೆಕಾರ್ಡ್ ಮಾಡಬೇಕು ಎಂಬ ನೀತಿ ಅಲ್ಲಿ ಬಂದದ್ದು 2014ರ ಜುಲೈಯಲ್ಲಿ. ಜೆರ್ರಿ ವಿಲಿಯಮ್ಸ್ ಕಾರ್ಯಕ್ರಮದ ಒಳ್ಳೆಯತನದ ನಡುವೆಯೂ ನನಗೆ ಕೊರತೆ ಕಾಣುವುದು ಇಲ್ಲೇ. ಕೇಳುವವರೂ ಎಫ್‌ಬಿಐ, ಹೇಳುವವರೂ ಎಫ್‌ಬಿಐ. ಎದುರು ವಕೀಲನಿಗೆ ಅಲ್ಲಿ ಕುರ್ಚಿ ಇಲ್ಲ. ನಮ್ಮ ಕನ್ನಡ ಕಥೆಗಳಲ್ಲಿ ಇಲಾಖೆಯವರಲ್ಲದವರು ಪ್ರಶ್ನೆ ಕೇಳುತ್ತಾರೆ ನಿಜ. ಆದರೆ ಅವರು ಕೇಳುವುದು "ಆಮೇಲೆ ಏನಾಯ್ತು ಸಾರ್?" ಅಂತ. "ಅದು ನಿಮಗೆ ಹೇಗೆ ಗೊತ್ತಾಯ್ತು ಸಾರ್?" ಅಂತ ಕೇಳಿದ್ದು ಅಪರೂಪ.

ಇದನ್ನೆಲ್ಲ ದೊಡ್ಡವನ ಹಾಗೆ ಬರೆಯುತ್ತಿದ್ದೇನೆ. ನಾನೂ ಇಂಥದೇ ಕಥೆಗಾರನಾಗಿದ್ದೆ.

1994ರಲ್ಲಿ ನಾನು ನವಿ ಮುಂಬಯಿಯ ಒಂದು ಶಾಖೆಯಲ್ಲಿದ್ದೆ. ಬಹಳ ದಿನ ವ್ಯವಹಾರವಿಲ್ಲದ ಒಂದು ಖಾತೆಯಿಂದ ಯಾರೋ ಕಳ್ಳ ಸಹಿ ಮಾಡಿ ಹಣ ತೆಗೆದರು. ವೋಚರಿನ ಮೇಲೆ ಒಬ್ಬ ಗುಮಾಸ್ತನ ಇನಿಷಿಯಲ್ ಇತ್ತು. ಬಾಗಲಕೋಟೆ ಕಡೆಯವನು, ಬಂದು ವರ್ಷವಾಗಿರಲಿಲ್ಲ, ಅಷ್ಟರಲ್ಲೇ ಕಲ್ಯಾಣದಲ್ಲಿ ಫ್ಲ್ಯಾಟು ಕೊಂಡಿದ್ದ. ದುಡ್ಡು ಎಲ್ಲಿಂದ ಬಂತು? ಇಲಾಖಾ ವಿಚಾರಣೆಯಲ್ಲಿ ಬ್ಯಾಂಕಿನ ಪರವಾಗಿ ಕೇಸು ನಡೆಸಿದವನು ನಾನು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದೆ, ಅವನು ತಡವರಿಸಿದ. ಆರೋಪ ಸಾಬೀತು ಅಂತ ವರದಿ ಬಂತು, ಎರಡು ಇನ್‌ಕ್ರಿಮೆಂಟು ಹೋಯಿತು. ಎರಡು ವರ್ಷದ ಮೇಲೆ ಅಪೀಲಿನಲ್ಲಿ ಆ ಆದೇಶ ರದ್ದಾಯಿತು. ವೋಚರಿನ ಇನಿಷಿಯಲ್ ಅವನದೇ ಅಲ್ಲ. ಫ್ಲ್ಯಾಟಿನ ಹಣ ಅವನ ಹೆಂಡತಿಯ ತವರಿನ ಜಮೀನು ಮಾರಿದ್ದು. ನನಗೆ ಈ ಸುದ್ದಿ ಮುಟ್ಟಿತ್ತು. ಆದರೆ ಠಾಣೆಯ ಶಾಖೆಯ ಬೀಳ್ಕೊಡುಗೆಗಳಲ್ಲಿ, ಮದುವೆ ಪಂಕ್ತಿಯಲ್ಲಿ, "ಒಬ್ಬನನ್ನು ಹೇಗೆ ಹಿಡಿದೆ ಗೊತ್ತುಂಟಾ?" ಅಂತ ನಾನು ಹೇಳುತ್ತಿದ್ದ ಕಥೆ ಅವನು ತಡವರಿಸಿದಲ್ಲಿಗೇ ಮುಗಿಯುತ್ತಿತ್ತು. ಸುಳ್ಳು ಹೇಳಲಿಲ್ಲ. ಬೇಗ ನಿಲ್ಲಿಸಿದೆ, ಅಷ್ಟೆ.

ನಿವೃತ್ತಿಯ ನಂತರ ಒಮ್ಮೆ ಇಲ್ಲಿ ಕನ್ನಡಿಗರ ಒಂದು ಕೂಟದಲ್ಲಿ ಊಟದ ಹೊತ್ತಿಗೆ ಅದನ್ನೇ ಹೇಳಿದೆ. ಎಲ್ಲರೂ ನಕ್ಕರು. ಕೈತೊಳೆಯುವಲ್ಲಿ ಮಧ್ಯವಯಸ್ಸಿನವರೊಬ್ಬರು ಹತ್ತಿರ ಬಂದು ಮೆಲ್ಲಗೆ ಅಂದರು, "ಸರ್, ಅವ್ರು ನಮ್ಮ ಮಾವ ಆಗ್ಬೇಕ್ರಿ. ಅಪೀಲಿನಾಗ ಏನಾತು, ಅದನ್ನೂ ಹೇಳ್ರಲ್ಲ." ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಮಾವ ತೀರಿಕೊಂಡು ನಾಲ್ಕು ವರ್ಷವಾಗಿತ್ತಂತೆ.

ಅವನನ್ನು ನಾವು ಶಂಕಿಸಿದ್ದಕ್ಕೆ ಮೊದಲ ಕಾರಣ ಇನಿಷಿಯಲ್ ಆಗಿರಲಿಲ್ಲ. ಹೊಸಬ, ಹೊರಗಿನವ, ಬೇಗ ಮನೆ ಮಾಡಿದವ ಎಂಬುದೇ ಆಗಿತ್ತು. ಊರು ಬಿಟ್ಟು ಬಂದು ಹೋಟೆಲಿನ ಮಾಣಿಯಾಗಿ, ಪೇಯಿಂಗ್ ಗೆಸ್ಟ್ ಆಗಿ ಕಾಲ ಹಾಕಿದ ನಮ್ಮ ಜನರಿಗೆ ಈ ಕಣ್ಣು ಗೊತ್ತು. ಕಟ್ಟಡದಲ್ಲಿ ಏನು ಕಳುವಾದರೂ ಮೊದಲು ತಿರುಗುವುದು ಬಾಡಿಗೆಯವನ ಕಡೆ. ಕ್ರೈಮ್ ಕಥೆಗಳಲ್ಲೂ "ಹೊರಗಿನಿಂದ ಬಂದವನು" ಅಂದ ಕೂಡಲೇ ನಾನು ಕಿವಿ ನೆಟ್ಟಗೆ ಮಾಡುತ್ತಿದ್ದೆ. ನಾನೇ ಹೊರಗಿನಿಂದ ಬಂದವನು ಅಂತ ನೆನಪಾಗುತ್ತಿರಲಿಲ್ಲ.

ಆದ್ದರಿಂದ ಹೆಂಡತಿಯ ಪ್ರಶ್ನೆಗೆ ಉತ್ತರ ಇಷ್ಟು: ಕೇಳುವುದು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಈಗ ಬೇರೆ ಅಳತೆಕೋಲು ಹಿಡಿದಿದ್ದೇನೆ. ನಿವೃತ್ತ ಅಧಿಕಾರಿ ಫೈಲಿನಲ್ಲಿ ಬರೆದದ್ದನ್ನೇ ಮತ್ತೆ ಓದುತ್ತಾರೋ, ಆಗ ಬರೆಯದೆ ಬಿಟ್ಟದ್ದನ್ನೂ ಹೇಳುತ್ತಾರೋ? ಎರಡನೆಯದಕ್ಕೆ ಧೈರ್ಯ ಬೇಕು, ಅದನ್ನು ತ್ಯಾಗರಾಜನ್ ತಡವಾಗಿಯಾದರೂ ತೋರಿಸಿದರು. ನೀವೂ ಕೇಳುವಾಗ, ಆರೋಪಿ ಬಾಯಿಬಿಟ್ಟ ಅಂತ ಬಂದ ಕೂಡಲೇ ಮೊಬೈಲು ಆರಿಸಬೇಡಿ. ಕೋರ್ಟು ಏನಂತು ಅಂತ ಹೇಳುವ ತನಕ ಕಾಯಿರಿ. ಹೇಳದಿದ್ದರೆ ಕೆಳಗೆ ಕಾಮೆಂಟಿನಲ್ಲಿ ಕೇಳಿ. ನನ್ನನ್ನು ಕೈತೊಳೆಯುವಲ್ಲಿ ಒಬ್ಬರು ಕೇಳಿದ ಹಾಗೆ, ಮೆಲ್ಲಗೆ ಕೇಳಿದರೆ ಸಾಕು.