ಹೆಂಚಿನ ಬೆನ್ನು ಓದುವ ಕ್ರಮ

"ಇದು 1865ರ ಹೆಂಚು ಸಾರ್, ನೋಡಿ, ಇಲ್ಲೇ ಬರೆದಿದೆ." ಹಳೇ ಸಾಮಾನು ಮಾರುವವರ ಬಾಯಲ್ಲಿ ಈ ಮಾತನ್ನು ನೀವೂ ಕೇಳಿರ್ತೀರಿ. ಬರೆದಿರೋದು ನಿಜ. ಹೆಂಚನ್ನು ಮಗುಚಿದರೆ ಬೆನ್ನಿನ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865 ಅಂತ ಉಬ್ಬಿದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಆದರೆ ಆ ಇಸವಿ ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಹುಟ್ಟಿದ ವರ್ಷ ಅಲ್ಲ. ಬೇಕರಿ ಬೋರ್ಡಿನ ಮೇಲೆ "ಸ್ಥಾಪನೆ 1952" ಅಂತ ಬರೆದಿದೆ ಅಂದ ಮಾತ್ರಕ್ಕೆ ಒಳಗಿರೋ ಮೈಸೂರು ಪಾಕು 1952ರದ್ದು ಅಂತ ಯಾರೂ ಹೆದರಿ ವಾಪಸ್ ಬರಲ್ಲ. ಹೆಂಚಿನ ವಿಷಯಕ್ಕೆ ಬಂದರೆ ಮಾತ್ರ ಓದು ಬರಹ ಬಲ್ಲವರೂ ಈ ತಪ್ಪು ಮಾಡ್ತಾರೆ. ಸಕಲೇಶಪುರದ ಸುತ್ತಮುತ್ತ ಹಳೇ ಮನೆ ಬಿಚ್ಚಿದಾಗ ಬರೋ ಹೆಂಚುಗಳಿಗೆ ಈಗ ಗಿರಾಕಿ ಇದ್ದಾರೆ. ಇಸವಿ ಕಾಣೋ ಹೆಂಚಿಗೆ ಒಂದು ಬೆಲೆ, ಕಾಣದೇ ಇರೋದಕ್ಕೆ ಇನ್ನೊಂದು. ಹಾಗಾಗಿ ಬೆನ್ನನ್ನು ಹೇಗೆ ಓದಬೇಕು ಅನ್ನೋದನ್ನು ಸ್ವಲ್ಪ ವಿವರವಾಗಿ ನೋಡೋಣ.

ಬೆನ್ನು ಓದುವ ವಿದ್ಯೆಯಲ್ಲಿ ಪಳಗಿದ ಒಂದು ಮಂದಿ ಅಮೆರಿಕದಲ್ಲಿದ್ದಾರೆ. ಅವರು ಓದೋದು ಹೆಂಚನ್ನಲ್ಲ, ಸಿಗರೇಟ್ ಪ್ಯಾಕಿನೊಳಗೆ ಹಾಕಿ ಕೊಡ್ತಿದ್ದ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನು. ಇವುಗಳಲ್ಲಿ ಹೆಸರಾದದ್ದು ಟಿ206 ಅನ್ನೋ ಸರಣಿ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಇದನ್ನು ಹಂಚಿತು. ಜೆಫರ್ಸನ್ ಬರ್ಡಿಕ್ ಅನ್ನೋ ಸಂಗ್ರಾಹಕ ಆಮೇಲೆ ಎಲ್ಲ ಬಗೆಯ ಕಾರ್ಡುಗಳಿಗೂ ಪಟ್ಟಿ ಮಾಡಿದಾಗ ಇದಕ್ಕೆ ಕೊಟ್ಟ ನಂಬರೇ ಹೆಸರಾಗಿ ಉಳಿಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ರಟ್ಟು. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಸಿಗರೇಟಿನ ಜಾಹೀರಾತು. ಒಟ್ಟು 524 ಚಿತ್ರ.

ಒಂದೇ ಚಿತ್ರದ ಹಿಂದೆ ಬೇರೆ ಬೇರೆ ಬ್ರ್ಯಾಂಡಿನ ಜಾಹೀರಾತು ಇರುತ್ತೆ. ಪೀಡ್ಮಾಂಟ್, ಸ್ವೀಟ್ ಕ್ಯಾಪೊರಲ್ ಧಾರಾಳವಾಗಿ ಸಿಗುತ್ತವೆ. ಡ್ರಮ್, ಉಜಿಟ್ ಥರದವು ಅಪರೂಪ. "ಹಿಂದೂ" ಅನ್ನೋ ಹೆಸರಿನ ಸಿಗರೇಟೂ ಇತ್ತು! ಅದರ ಕಂದು ಅಕ್ಷರದ ಬೆನ್ನು ಸಿಗುತ್ತೆ, ಕೆಂಪು ಅಕ್ಷರದ್ದು ಸಿಗೋದು ಕಷ್ಟ. ಮುಂಭಾಗದ ಆಟಗಾರ ಯಾರು ಅನ್ನೋದರಷ್ಟೇ ಹಿಂಭಾಗ ಯಾವುದು ಅನ್ನೋದೂ ಬೆಲೆ ಕಟ್ಟುತ್ತೆ.

ಬೆಲೆಯ ಕಥೆ ಬಿಡಿ, ಅವರ ಓದುವ ಕ್ರಮ ನೋಡಿ. ಈ ಕಾರ್ಡುಗಳನ್ನು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚು ಹಾಕಿ ಆಮೇಲೆ ಕತ್ತರಿಸ್ತಿದ್ದರು. ಕತ್ತರಿಸದ ಪೂರ್ತಿ ಹಾಳೆ ಒಂದೂ ಉಳಿದಿಲ್ಲ. ಹಾಗಾದರೆ ಯಾವ ಚಿತ್ರದ ಪಕ್ಕ ಯಾವ ಚಿತ್ರ ಇತ್ತು ಅಂತ ತಿಳಿಯೋದು ಹೇಗೆ? ಕೆಲವು ಪೀಡ್ಮಾಂಟ್ ಕಾರ್ಡುಗಳ ಬೆನ್ನಿನ ಮೇಲೆ ಕೂದಲೆಳೆಯಷ್ಟು ತೆಳುವಾದ ಗೀರು ಇದೆ. ಅಚ್ಚಿನ ಮೇಲೆ ಬಿದ್ದ ಗೀರು ಅದು. ಒಂದು ಕಾರ್ಡಿನ ಅಂಚಿನಲ್ಲಿ ನಿಂತ ಗೀರು ಇನ್ನೊಂದು ಕಾರ್ಡಿನ ಅಂಚಿನಿಂದ ಮುಂದುವರಿದರೆ ಅವೆರಡೂ ಒಂದು ಕಾಲಕ್ಕೆ ಅಕ್ಕಪಕ್ಕ ಇದ್ದವು ಅಂತ ಅರ್ಥ. ನೂರಾರು ಕಾರ್ಡು ಒಟ್ಟು ಮಾಡಿ, ಗೀರಿಗೆ ಗೀರು ಜೋಡಿಸಿ, ಇಲ್ಲದ ಹಾಳೆಯ ಭಾಗಗಳನ್ನು ಕಟ್ಟಿದ್ದಾರೆ.

ನಮ್ಮ ಸಾಫ್ಟ್‌ವೇರ್ ಕಸುಬಿನಲ್ಲೂ ಇದು ಹೊಸದಲ್ಲ. ಎರಡು ಪ್ರೋಗ್ರಾಮುಗಳಲ್ಲಿ ಒಂದೇ ಸರಿಯಾದ ಉತ್ತರ ಬಂದರೆ ಏನೂ ಹೇಳಕ್ಕಾಗಲ್ಲ. ಒಂದೇ ವಿಚಿತ್ರ ತಪ್ಪು ಎರಡರಲ್ಲೂ ಇದ್ದರೆ ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದಾರೆ ಅಂತ ಗೊತ್ತಾಗುತ್ತೆ. ಸರಿ ಇರೋದು ಎಲ್ಲರ ಹತ್ತಿರವೂ ಒಂದೇ ಥರ ಇರುತ್ತೆ. ಗುರುತು ಹಿಡಿಯೋಕೆ ನೆರವಾಗೋದು ಊನ.

ಈ ಕ್ರಮವನ್ನು ಹೆಂಚಿಗೆ ಹಾಕಿ ನೋಡಿ. ಮಂಗಳೂರು ಹೆಂಚೂ ಅಚ್ಚಿನ ಕೂಸೇ. ನೇತ್ರಾವತಿ, ಗುರುಪುರ ಹೊಳೆಯ ದಡದ ಜೇಡಿಮಣ್ಣನ್ನು ಹದ ಮಾಡಿ, ಎರಡು ಅಚ್ಚಿನ ನಡುವೆ ಒತ್ತಿ, ಒಣಗಿಸಿ, ಸುಡ್ತಾರೆ. ಒಂದಕ್ಕೊಂದು ಕೊಂಡಿ ಕೂರುವ ಈ ವಿನ್ಯಾಸದ ಮೂಲ ಫ್ರಾನ್ಸಿನದ್ದು. ಅಲ್ಸೇಸ್ ಸೀಮೆಯ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಮಾಡಿಸಿದ್ದು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಮಣ್ಣಿನಲ್ಲಿ ಅದನ್ನು ಮಾಡಿಸಿದ. ಅಚ್ಚಿನಲ್ಲಿ ಕೊರೆದ ಅಕ್ಷರ ಹೆಂಚಿನಲ್ಲಿ ಉಬ್ಬಿ ಬರುತ್ತೆ. ಅಚ್ಚು ಸೀಳಿದರೆ ಆ ಸೀಳೂ ಹೆಂಚಿನಲ್ಲಿ ಉಬ್ಬಿದ ಗೆರೆಯಾಗಿ ಬರುತ್ತೆ. ಒಂದೇ ಜಾಗದಲ್ಲಿ ಒಂದೇ ಗೆರೆ ಇರೋ ಹೆಂಚುಗಳು ಒಂದೇ ಅಚ್ಚಿನ ಮಕ್ಕಳು. ಒಂದರಲ್ಲಿ ಗೆರೆ ಚಿಕ್ಕದು, ಇನ್ನೊಂದರಲ್ಲಿ ಉದ್ದ ಅಂದರೆ ಚಿಕ್ಕದೇ ಅಣ್ಣ, ಉದ್ದದ್ದು ತಮ್ಮ. ಸೀಳು ಬೆಳೆಯುತ್ತೇ ವಿನಾ ಕೂಡಿಕೊಳ್ಳಲ್ಲ. ಅಕ್ಷರದ ಅಂಚು ಮಸುಕಾಗಿದ್ದರೆ ಅಚ್ಚು ಸವೆದಿದೆ. ನಾಣ್ಯ ಓದುವವರೂ ಇದೇ ಲೆಕ್ಕವನ್ನು ಬಹಳ ಕಾಲದಿಂದ ಹಾಕ್ತಾ ಬಂದಿದ್ದಾರೆ.

ಹೆಸರಿಗೂ ಒಂದು ಲೆಕ್ಕ ಇದೆ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ಕೈಗೆ ತಗೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಆದವು. ಹೀಗಾಗಿ ಬೆನ್ನಿನ ಮೇಲಿನ ಕಂಪನಿಯ ಹೆಸರು ಇಸವಿಗಿಂತ ಹೆಚ್ಚು ನಿಜ ಹೇಳುತ್ತೆ. ಆದರೂ ಹೆಸರನ್ನು ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಮಾಲೀಕ ಬದಲಾದ ದಿನವೇ ಅಚ್ಚು ಎಸೆಯಬೇಕು ಅಂತ ಯಾವ ಕಾನೂನೂ ಇಲ್ಲ. 1868ರಲ್ಲಿ ಆಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು, ಆಮೇಲೆ ಇನ್ನೂ ಹಲವಾರು. ಆನೆ, ನಕ್ಷತ್ರ, ರಾಣಿಯ ತಲೆ ಅಂತ ಒಬ್ಬೊಬ್ಬರದು ಒಂದೊಂದು ಗುರುತು. ಇಂಗ್ಲಿಷ್ ಓದಲು ಬಾರದ ಗಿರಾಕಿಗೆ ಚಿತ್ರವೇ ಬ್ರ್ಯಾಂಡು. ಬೀಡಿ ಕಟ್ಟು, ಬೆಂಕಿಪೊಟ್ಟಣದ ಚೀಟಿ ಇವುಗಳದ್ದೂ ಇದೇ ದಾರಿ. ಚೀಟಿಗಳಲ್ಲಿ ಕಾಲ ಹಿಡಿಯೋದು ಸುಲಭ. "ನಯಾ ಪೈಸೆ" ಅಂತ ಬೆಲೆ ಹಾಕಿದ್ದರೆ ಅದು 1957ರಿಂದ 1964ರ ಆಸುಪಾಸಿನದು. ಕರ್ನಾಟಕದ ಬದಲು ಮೈಸೂರು ರಾಜ್ಯ ಅಂತ ವಿಳಾಸ ಇದ್ದರೆ 1973ರ ನವೆಂಬರಿಗಿಂತ ಹಿಂದಿನದು ಅಂತ ಹೇಳಬಹುದು. ಹೆಂಚಿನ ಮೇಲೆ ಬೆಲೆ ಇಲ್ಲ. ಅದಕ್ಕೇ ಅಚ್ಚಿನ ಗೀರು ಇನ್ನೂ ಮುಖ್ಯ.

ಇಷ್ಟರ ಮೇಲೆ ನಮ್ಮ ಹೆಂಚಿಗೆ ಒಂದು ಸಾಕ್ಷಿ ಜಾಸ್ತಿ ಇದೆ. ಅದು ಮಸಿ. ಹೆಂಚಿನ ಬೆನ್ನು ಮನೆಯೊಳಗೆ ಮುಖ ಮಾಡಿರುತ್ತೆ. ಮಲೆನಾಡಿನಲ್ಲಿ ಒಲೆ ಆರಿದ ದಿನ ಇರಲಿಲ್ಲ. ಮಳೆಗಾಲದಲ್ಲಂತೂ ಕಟ್ಟಿಗೆ, ಬಟ್ಟೆ, ಏಲಕ್ಕಿ ಎಲ್ಲ ಒಣಗಬೇಕಾದದ್ದು ಒಲೆಯ ಬಿಸಿಯಲ್ಲೇ. ಅಡುಗೆಮನೆಯ ಮೇಲಿನ ಹೆಂಚು ಕರ‍್ರಗೆ ಅಂಟು ಅಂಟಾಗಿರುತ್ತೆ, ಜಗಲಿಯ ಮೇಲಿನದು ಕೆಂಪಗೇ ಉಳಿದಿರುತ್ತೆ. ಕಪ್ಪು ಸಾಲಿನ ನಡುವೆ ಒಂದು ಕೆಂಪು ಹೆಂಚು ಕಂಡರೆ ಮಂಗವೋ ತೆಂಗಿನ ಗರಿಯೋ ಒಡೆದ ಜಾಗಕ್ಕೆ ಆಮೇಲೆ ಸೇರಿಸಿದ್ದು. ಜಗಲಿಯ ಮೇಲೆ ಒಂದು ಕಪ್ಪು ಹೆಂಚು ಕಂಡರೆ ಅದು ಬೇರೆ ಎಲ್ಲಿಂದಲೋ ಎತ್ತಿ ತಂದದ್ದು. ಆಲೂರು ಕಡೆಯ ನಮ್ಮ ಮನೆಯ ಅಟ್ಟ ಹತ್ತಿ ಬ್ಯಾಟರಿ ಬಿಟ್ಟರೆ ಮೂರು ಕಾರ್ಖಾನೆಯ ಹೆಸರು ಕಾಣುತ್ತೆ. ನಮ್ಮ ಅಜ್ಜಿಯನ್ನು ಕೇಳಿದರೆ, "ಒಂದು ಪೇಟೆಯಿಂದ ತಂದಿದ್ದು ಕಣಪ್ಪ, ಒಂದು ಗೌಡರ ಮನೆ ಬಿಚ್ಚಿದಾಗ ತಂದಿದ್ದು, ಇನ್ನೊಂದು ನಿಮ್ಮ ತಾತ ಎಲ್ಲಿಂದ ತಂದ್ರೋ" ಅಂತಾರೆ. ಒಂದು ಮನೆಯ ಮಾಡು ಒಂದೇ ವರ್ಷದ್ದಾಗಿರೋದು ಅಪರೂಪ.

ಹೆಂಚು ಓಡಾಡುವ ವಸ್ತು ಅನ್ನೋದನ್ನು ಮರೆಯಬಾರದು. ರೈಲು ಬರೋ ಮುಂಚೆ, ಅಂದರೆ 1970ರ ದಶಕದ ಕೊನೆಯವರೆಗೂ, ನಮ್ಮ ಕಡೆಗೆ ಅದು ಬಂದದ್ದು ಘಟ್ಟದ ರಸ್ತೆ ಹತ್ತಿ. ಒಂದೊಂದೂ ಎರಡು ಎರಡೂವರೆ ಕೆಜಿ. ಮೊದಲು ಬಂದದ್ದು ಕಾಫಿ ತೋಟದ ಬಂಗಲೆಗೆ, ಉಳ್ಳವರ ಮನೆಗೆ. ಮಿಕ್ಕವರದು ಹುಲ್ಲಿನ ಮಾಡು, ಇಲ್ಲ ಕುಂಬಾರರು ಮಾಡಿದ ನಾಡ ಹೆಂಚು. ದೊಡ್ಡ ಮನೆ ಬಿಚ್ಚಿದಾಗ ಅದೇ ಮಂಗಳೂರು ಹೆಂಚು ಕೊಟ್ಟಿಗೆಗೆ, ಕೂಲಿ ಲೈನಿಗೆ, ಸಣ್ಣ ಹಿಡುವಳಿದಾರರ ಮನೆಗೆ ಇಳಿಯಿತು. ಹಳೇ ಹೆಂಚು ಸಿಕ್ಕ ಮನೆ ಹಳೇದಾಗಿರಬೇಕಿಲ್ಲ. ಒಂದು ಊರಿನಲ್ಲಿ ಯಾರ ಮಾಡಿನಿಂದ ಯಾರ ಮಾಡಿಗೆ ಹೆಂಚು ಹೋಯಿತು ಅನ್ನೋದನ್ನು ಅಚ್ಚಿನ ಗೀರು, ಮಸಿ ಎರಡನ್ನೂ ಇಟ್ಟುಕೊಂಡು ಹುಡುಕಬಹುದು. ಊರಿನ ಆಸ್ತಿ, ಬಡತನ, ಪಾಲು ಪಂಚಾಯ್ತಿಯ ಚರಿತ್ರೆ ಅದು. ಯಾವ ಕಡತದಲ್ಲೂ ಅದು ಸಿಗಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ಮಾರುವವರು ಮೊದಲು ಮಾಡೋ ಕೆಲಸ ತೊಳೆಯೋದು. ತಂತಿ ಬ್ರಷ್ ಹಾಕಿ ಉಜ್ಜಿ, ಆಸಿಡ್ ಬಿಟ್ಟು, ಮೇಲೆ ವಾರ್ನಿಷ್ ಬಳಿದು ಗೋಡೆಗೆ ನೇತುಹಾಕೋ ಹಾಗೆ ಮಾಡ್ತಾರೆ. ಅಕ್ಷರ ಚೆಂದ ಕಾಣುತ್ತೆ, ನಿಜ. ಆದರೆ ಐವತ್ತು ಅರವತ್ತು ವರ್ಷದ ಒಲೆ ಒಂದು ಗಂಟೆಯಲ್ಲಿ ಚರಂಡಿಗೆ ಹೋಯಿತು.

ಕಾರ್ಡಿನ ಲೋಕದಲ್ಲಿ ಇದಕ್ಕೊಂದು ಪಾಠ ಇದೆ. ಹೋನಸ್ ವ್ಯಾಗ್ನರ್ ಅನ್ನೋ ಆಟಗಾರನ ಟಿ206 ಕಾರ್ಡು ಅತಿ ದುಬಾರಿ. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಹೋಯಿತು. ಆ ಕಾರ್ಡಿನ ಪ್ರತಿಗಳಲ್ಲೆಲ್ಲ ಅತಿ ಅಂದದ್ದು ಅಂತ ಹೆಸರಾಗಿದ್ದ ಇನ್ನೊಂದು ಪ್ರತಿಯ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆ ಅಂತ ಬಿಲ್ ಮಾಸ್ಟ್ರೋ ಅನ್ನೋ ಹರಾಜುದಾರ 2013ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಚೊಕ್ಕ ಮಾಡೋ ಆಸೆಯೇ ಸಾಕ್ಷಿಯನ್ನು ಕೆಡಿಸಿತು. ಅವರಿಗೆ ಕತ್ತರಿಸೋದು ಮೋಸ. ನಮಗೆ ಉಜ್ಜೋದು ಮೋಸ ಅಂತ ಇನ್ನೂ ಅನ್ನಿಸಿಲ್ಲ, ಬದಲಿಗೆ ಅದಕ್ಕೆ "ರೆಸ್ಟೋರೇಷನ್" ಅಂತ ಹೆಸರಿಟ್ಟಿದ್ದೀವಿ.

ಕಾರ್ಡಿನವರನ್ನೂ ಪೂರ್ತಿ ಹೊಗಳೋಕೆ ನಾನು ತಯಾರಿಲ್ಲ. ಅವರ ಗೀರಿನ ಲೆಕ್ಕ ಅಚ್ಚಿನ ಹಾಳೆಯವರೆಗೆ ಹೋಗಿ ನಿಲ್ಲುತ್ತೆ. ಆ ಹಾಳೆಗೆ ಬಣ್ಣ ಮೇಲೆ ಬಣ್ಣ ಒತ್ತಿದವರು ಯಾರು, ಕಾರ್ಡನ್ನು ಪ್ಯಾಕಿಗೆ ತುಂಬಿದ ಕೈ ಯಾರದು ಅನ್ನೋ ಕಡೆಗೆ ಕುತೂಹಲ ಕಡಿಮೆ. ಅಪರೂಪ ಅನ್ನೋದೇ ಅಳತೆಗೋಲು ಆದಾಗ ಸಾಮಾನ್ಯವಾದದ್ದು ಕಣ್ಣಿಗೆ ಬೀಳಲ್ಲ. ಹೆಂಚಿನಲ್ಲಿ ಹಾಗಾಗಬಾರದು. ಮಿಷನ್ನಿನ ಕಾರ್ಖಾನೆಗಳು ಶುರುವಾದದ್ದೇ ಮತಾಂತರ ಆಗಿ ಜಾತಿ, ಕಸುಬು, ಮನೆ ಕಳಕೊಂಡವರಿಗೆ ಕೂಲಿ ಕೊಡೋಕೆ. ಹಸಿ ಹೆಂಚನ್ನು ಅಚ್ಚಿನಿಂದ ಎತ್ತುವಾಗ ಒತ್ತಿದ ಬೆರಳಿನ ಗುರುತು ಕೆಲವದರ ಅಂಚಿನಲ್ಲಿ ಸುಟ್ಟು ಗಟ್ಟಿಯಾಗಿ ಕೂತಿದೆ. ಕಂಪನಿಯ ಹೆಸರು ಎಲ್ಲಾ ಹೆಂಚಿನ ಮೇಲೂ ಇದೆ, ಆ ಬೆರಳಿನವರ ಹೆಸರು ಒಂದರ ಮೇಲೂ ಇಲ್ಲ. ಹೆಂಚು ಸಂಗ್ರಹ ಮಾಡೋರು ಇಸವಿಗೆ ಕೊಡೋ ಗಮನದಲ್ಲಿ ಕಾಲು ಭಾಗ ಬೆರಳಿಗೆ ಕೊಟ್ಟರೆ ಸಾಕು.

ಕೆಲವರು ಹೇಳ್ತಾರೆ, ಹೋಮ್‌ಸ್ಟೇ ಗೋಡೆಗೆ ಹೋದರೂ ಉಳೀತಲ್ಲ, ಇಲ್ಲಾಂದರೆ ಒಡೆದು ಗುಂಡಿಗೆ ತುಂಬ್ತಿದ್ದರು ಅಂತ. ಆ ಮಾತಲ್ಲಿ ಸತ್ಯ ಇದೆ. ಪ್ರತಿ ವರ್ಷ ಮಳೆಗೆ ಮುಂಚೆ ಮಾಡು ಹತ್ತಿ ಹೆಂಚು ಸರಿ ಮಾಡೋ ಜನ ಸಿಗಲ್ಲ, ಪಕಾಸಿಗೆ ಗೆದ್ದಲು ಹಿಡಿದಿರುತ್ತೆ, ಮಂಗಗಳ ಕಾಟ ಬೇರೆ. ಜನ ಶೀಟು ಹಾಕಿಸ್ತಾರೆ. ಸೋರೋ ಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕೂತವರಿಗೆ ಪರಂಪರೆ ಅಂತ ಬೋಧನೆ ಮಾಡೋ ಹಕ್ಕು ಬೆಂಗಳೂರಿನಲ್ಲಿ ಫ್ಲ್ಯಾಟಿನಲ್ಲಿರೋ ನನಗಿಲ್ಲ. ನನ್ನ ಮಾತು ಹೆಂಚು ಇಳಿಸಬೇಡಿ ಅಂತಲ್ಲ. ಇಳಿಸೋ ಮುಂಚೆ ಓದಿ ಅಂತ.

ಓದೋಕೆ ಬೇಕಾದ್ದು ಬಹಳ ಕಡಿಮೆ. ಬಿಚ್ಚೋ ಹಿಂದಿನ ದಿನ ಅಟ್ಟ ಹತ್ತಿ, ಫೋನಿನಲ್ಲಿ ಒಳಗಿನಿಂದ ಸಾಲು ಸಾಲಾಗಿ ಫೋಟೊ ತೆಗೀರಿ. ಯಾವ ಊರು, ಯಾವ ಮನೆ, ಯಾವ ಕೋಣೆಯ ಮೇಲಿನದು ಅಂತ ಬರೆದಿಡಿ. ಇಳಿಸಿದ ಮೇಲೆ ಪ್ರತಿ ಹೆಸರಿನದು ಎಷ್ಟೆಷ್ಟು ಅಂತ ಎಣಿಸಿ. ಮಾಮೂಲಿ ಹೆಸರನ್ನೂ ಎಣಿಸಬೇಕು, ಅಪರೂಪದ್ದನ್ನು ಮಾತ್ರ ಎತ್ತಿಟ್ಟರೆ ಎಷ್ಟರಲ್ಲಿ ಅಪರೂಪ ಅಂತ ಆಮೇಲೆ ಹೇಳೋಕೆ ಬರಲ್ಲ. ಪ್ರತಿ ಬಗೆಯದು ಎರಡನ್ನು ತೊಳೆಯದೆ ಇಟ್ಟುಕೊಳ್ಳಿ. ಮನೆಯ ಹಿರಿಯರು ಇನ್ನೂ ಇದ್ದರೆ ಹೆಂಚು ಎಲ್ಲಿಂದ ಬಂತು ಅಂತ ಕೇಳಿ ಬರಕೊಳ್ಳಿ. ಉಳಿದದ್ದನ್ನು ಮಾರಿ, ಯಾರೂ ಬೇಡ ಅನ್ನಲ್ಲ.

ಬರೋ ಏಪ್ರಿಲ್, ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಸಕಲೇಶಪುರ ಆಲೂರು ಕಡೆ ಇನ್ನೊಂದಷ್ಟು ಮಾಡು ಬಿಚ್ಚುತ್ತವೆ. ಅದರಲ್ಲಿ ನಿಮ್ಮ ಅಜ್ಜನ ಮನೆಯೂ ಇದ್ದರೆ, ಗುಜರಿಯವರ ಲಾರಿ ಬರೋ ಮುಂಚೆ ನೀವು ಒಂದು ದಿನ ರಜೆ ಹಾಕಿ.