ಗ್ಲಾಸ್ಟರ್‌ನ ಮೀನುಗಾರರ ಸ್ಮಾರಕ: ಪ್ರತಿಮೆ ಮತ್ತು ಹೆಸರು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಂದರು ಪಟ್ಟಣ ಗ್ಲಾಸ್ಟರ್‌ನಲ್ಲಿ, ಕಡಲುಪಾಲಾದ ಮೀನುಗಾರರ ನೆನಪಿಗಾಗಿ ಲೆನರ್ಡ್ ಕ್ರಾಸ್ಕ್ ರೂಪಿಸಿದ ಕಂಚಿನ ಪ್ರತಿಮೆಯು 1925ರಲ್ಲಿ ಸ್ಥಾಪಿತವಾಯಿತು. ಚುಕ್ಕಾಣಿಯ ಚಕ್ರವನ್ನು ಬಿಗಿಹಿಡಿದು ನಿಂತ ಈ ನಾವಿಕನು ಪರಾಕ್ರಮದ ಸಂಕೇತವೇ ಹೊರತು ಸಾವಿನದಲ್ಲ; ಆತನಿನ್ನೂ ಮುಳುಗಿಲ್ಲ. ಈ ಕೊರತೆಯನ್ನು ತುಂಬಿದವು 2000ನೇ ಇಸವಿಯಲ್ಲಿ ಸೇರ್ಪಡೆಯಾದ ಕಂಚಿನ ಫಲಕಗಳು. ಅವುಗಳಲ್ಲಿ ಮಡಿದವರ 5,368 ಹೆಸರುಗಳಿವೆ. ದೇಹವೂ ದೊರೆಯದವರಿಗೆ ಹೆಸರೇ ಸಮಾಧಿ. 2001ರಲ್ಲಿ ಅದೇ ದಂಡೆಯ ಮೇಲೆ, ಮಕ್ಕಳೊಡನೆ ಕಡಲತ್ತ ದಿಟ್ಟಿಸುವ ಮೀನುಗಾರನ ಮಡದಿಯ ಪ್ರತಿಮೆಯೂ ನೆಲೆಗೊಂಡು, ದಡದಲ್ಲಿ ಉಳಿದವರ ದುಃಖಕ್ಕೆ ರೂಪ ದೊರೆಯಿತು. ಆದ್ದರಿಂದ ಈ ಸ್ಮಾರಕವನ್ನು ಶಿಲ್ಪಿಯೊಬ್ಬನ ಕೃತಿಯೆಂದಲ್ಲ, ಮುಕ್ಕಾಲು ಶತಮಾನದ ಅವಧಿಯಲ್ಲಿ ಸಮುದಾಯವೇ ಪೂರ್ಣಗೊಳಿಸಿದ ಪಠ್ಯವೆಂದು ಓದುವುದು ಯುಕ್ತ.